ಮೂರನೇ ಸುತ್ತಿನ ಉತ್ತರ

"ಸತ್ತೋನು ಡಬ್ಬ ಬಡಿತಾನಾ ಮೇಡಮ್ಮೋರೆ? ನೀವೇ ಹೇಳಿ."

ಗಂಗಹನುಮಯ್ಯ ಇಷ್ಟು ಕೇಳಿ, ಬಾಯಲ್ಲಿದ್ದ ಎಲೆಅಡಿಕೆಯನ್ನು ಬದುವಿನ ಆಚೆಗೆ ಉಗಿದು, ಟವೆಲಿನ ತುದಿಯಿಂದ ತುಟಿ ಒರೆಸಿಕೊಂಡ. ಮುದುಕನ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡು ಕೇಳಿಕೊಂಡು ಸೋತವನ ದನಿ ಅದು.

ಸಬ್‌ಇನ್‌ಸ್ಪೆಕ್ಟರ್ ರಾಧಾಮಣಿ ಬದುವಿನ ಮೇಲೆ ಅವನ ಪಕ್ಕದಲ್ಲೇ ಕೂತಿದ್ದಳು. ಹುಣಸೆದೊಡ್ಡಿಯ ದೇವರಾಜು ಆನೆ ತುಳಿದು ಸತ್ತನೆಂದು ಊರು ತಿಥಿಯನ್ನೂ ಮಾಡಿ ಮುಗಿಸಿತ್ತು; ತೊಡೆಯ ಮೇಲಿನ ಗಾಯ ಆನೆಯದಲ್ಲ, ಹರಿತವಾದ ಕಬ್ಬಿಣದ್ದು, ಪ್ರಾಣ ನಡುರಾತ್ರಿಗೇ ಹೋಗಿದೆ ಎಂದು ಕನಕಪುರದ ಡಾಕ್ಟರು ಹೇಳಿದ್ದು ಆವತ್ತಿನ ಬೆಳಿಗ್ಗೆ.

"ಸತ್ತೋನು ಬಡಿಯಲ್ಲ ಯಜಮಾನ್ರೆ. ಅದಕ್ಕೇ ಕೇಳ್ತಿರೋದು. ಮೂರನೇ ಸುತ್ತಲ್ಲಿ ದೇವರಾಜು ಡಬ್ಬ ನೀವು ಕಿವಿಯಾರೆ ಕೇಳಿದ್ರಾ?"

"ನಾನೊಬ್ನೇ ಕೇಳಿದ್ರೆ ಮುದುಕನ ಕಿವಿ ಅನ್ನಿ. ಈ ಸಾಲಿನಲ್ಲಿ ಎಷ್ಟು ಅಟ್ಟಣೆ ಐತೋ ಅಷ್ಟೂ ಜನ ಕೇಳವ್ರೆ. ಮೂರು ಸುತ್ತೂ ಉತ್ತರ ಬಂದೈತೆ."

"ಅವನದೇ ಅಂತ ಹೆಂಗೆ ಗೊತ್ತು?"

ಮುದುಕ ಈಗ ಅವಳನ್ನು ಮರುಕದಿಂದ ನೋಡಿದ.

"ಅವರಪ್ಪನ ಕೈ ಕಣವ್ವ ಅದು. ಎರಡು ಗಟ್ಟಿಯಾಗಿ, ಒಸಿ ತಡೆದು ಒಂದು ಮೆತ್ತಗೆ. ಅವರಪ್ಪಂಗೆ ಬೀಡಿ ಹಚ್ಚೋ ಆತುರ, ಕೊನೇದನ್ನ ಸುಮ್ನೆ ತಾಕಿಸಿ ಬುಟ್ಟುಬುಡೋನು. ಮಗ ಬೀಡಿ ಸೇದಾಕಿಲ್ಲ. ಆದ್ರೂ ಹಂಗೇ ಬಡಿಯೋನು."

"ನಿಮ್ಮದು ಹೆಂಗೆ ಯಜಮಾನ್ರೆ?" ಅಂದ ಹೆಡ್‌ಕಾನ್‌ಸ್ಟೇಬಲ್ ನಿಯಾಜ್. ಅವನು ಆಗಲೇ ಎರಡು ಕಡಲೆಕಾಯಿ ಗಿಡ ಕಿತ್ತುಕೊಂಡು ತಿನ್ನುತ್ತಿದ್ದ.

"ನಂದು ನಿಲ್ಲಾಕೇ ಇಲ್ಲ. ನಿನ್ನ ಬಾಯಿನಂಗೇ ನಿನ್ನ ಡಬ್ಬನೂ ಅಂತಾಳೆ ನಮ್ಮವಳು."

ನಿಯಾಜ್ ನಕ್ಕ. ರಾಧಾಮಣಿಗೂ ನಗು ಬಂತು. ಮುದುಕ ಮಾತ್ರ ನಗಲಿಲ್ಲ.

ಕೋಡಿಹಳ್ಳಿ ಕಡೆಯ ಕಾಡಂಚಿನಲ್ಲಿ ರಾಗಿ ತೆನೆ ಬಲಿತರೆ ಗಂಡಸರಿಗೆ ಮನೆಯ ಚಾಪೆ ಮರೆತುಹೋಗುತ್ತದೆ. ಹೊಲಕ್ಕೊಂದು ಅಟ್ಟಣೆ, ಅಟ್ಟಣೆಗೊಂದು ಎಣ್ಣೆ ಡಬ್ಬ. ಆನೆ ಬಂದರೆ ಎಲ್ಲರೂ ಒಟ್ಟಿಗೆ ಬಡಿಯುವುದು ಸರಿಯೇ. ಆದರೆ ಹುಣಸೆದೊಡ್ಡಿಯವರು ಆನೆ ಬರದ ರಾತ್ರಿಯೂ ಮೂರು ಸಲ ಬಡಿಯುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಒಂದು ಸುತ್ತು, ಊರು ಉಂಡು ಮಲಗಿದ ಮೇಲೆ ಒಂದು, ಮೊದಲ ಕೋಳಿಗೆ ಮುಂಚೆ ಒಂದು. ಗಂಗಹನುಮಯ್ಯ ಶುರುಮಾಡುತ್ತಾನೆ, ಮಿಕ್ಕವರು ಸಾಲಾಗಿ ಉತ್ತರ ಕೊಡುತ್ತಾರೆ. ನಾನಿದ್ದೀನಿ, ನಾನಿದ್ದೀನಿ ಎಂದು ಹೇಳಿಕೊಂಡ ಹಾಗೆ.

"ಒಂದು ಡಬ್ಬ ಮೂಕಾದ್ರೆ ಮುಗೀತು," ಎಂದ ಮುದುಕ. "ಎಲ್ರೂ ಪಂಜು ಹಿಡ್ಕಂಡು ಓಡ್ಬೇಕು. ಅವನ ಕೂಡೆ ಮಾತು ಬುಟ್ಟಿದ್ರೂ ಓಡ್ಬೇಕು. ಹೋದ್ವರ್ಷ ನಮ್ಮ ಅಂಕಯ್ಯ ನಿದ್ದೆ ಹೊಡೆದು ಉತ್ತರ ಕೊಡ್ಲಿಲ್ಲ. ಊರೇ ಓಡೋಯ್ತು. ಗಾಬರಿಲಿ ಎದ್ದೋನು ಪಂಜು ನೋಡಿ ಆನೆ ಬಂತು ಅಂತ ನಮ್ ಮೇಲೇ ಡಬ್ಬ ಬಡಿದು ಕೂಗಾಡ್ದ."

ಅವನು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

"ಅವತ್ತು ಅಂಕಯ್ಯನ ಹತ್ರ ಓಡಿದ್ದ ಕಾಲು ದೇವರಾಜು ಹತ್ರಕ್ಕೂ ಓಡ್ತಿತ್ತು ಕಣವ್ವ. ಉತ್ತರ ಬಂತಲ್ಲ. ಅದ್ಕೇ ಹೋಗ್ಲಿಲ್ಲ."

ರಾಧಾಮಣಿ ಸಾಲಿನ ತುದಿಯ ಕಡೆ ನೋಡಿದಳು.

ದೇವರಾಜುವಿನ ಹೊಲ ಸಾಲಿನ ಕೊನೆಯಲ್ಲಿ, ಅಂಕಯ್ಯನ ಹೊಲದ ಮಗ್ಗುಲಿನದು. ಅದರ ಹಿಂದೆ ಒಂದು ಒಣ ಹಳ್ಳ, ಹಳ್ಳದ ಆ ದಡಕ್ಕೆ ಗ್ರಾನೈಟ್ ಫ್ಯಾಕ್ಟರಿಯ ತಂತಿಬೇಲಿ. ಹೆಣ ಸಿಕ್ಕಿದ್ದು ಆ ಹಳ್ಳದಲ್ಲಿ, ಲಂಟಾನದ ಪೊದೆಯ ಕೆಳಗೆ.

ಬೇಲಿಯ ಕಂಬಗಳ ಮೇಲೆ ತಗಡಿನ ಹಾರ್ನುಗಳಿದ್ದವು, ಮದುವೆ ಮನೆಯ ಮೈಕಿನಂಥವು. ಫ್ಯಾಕ್ಟರಿಯವರು ಮೊದಲು ಅದರಲ್ಲಿ ಹುಲಿಯ ಗರ್ಜನೆ ಹಾಕುತ್ತಿದ್ದರಂತೆ, ಆಮೇಲೆ ಪಟಾಕಿ. ಆನೆಗಳು ಆ ಬೇಲಿ ಬಿಟ್ಟು ನೇರವಾಗಿ ಹುಣಸೆದೊಡ್ಡಿಯ ರಾಗಿಗೆ ಇಳಿಯತೊಡಗಿದವು. ಇನ್ನೊಂದಷ್ಟು ದಿನಕ್ಕೆ ಹಗಲಿನಲ್ಲೂ ಹಾರ್ನು ಕೂಗಲು ಶುರುವಾಯಿತು. ಕಿವಿಗೆ ದಬ್ಬಳ ಚುಚ್ಚಿದಂಥ ಒಂದು ಸಿಳ್ಳು. ಹಳ್ಳದಲ್ಲಿ ಮೇಕೆ ಮೇಯಿಸುತ್ತಿದ್ದವರು ಕಿವಿ ಮುಚ್ಚಿಕೊಂಡು ಮೇಕೆಗಳಿಗಿಂತ ಮುಂಚೆ ಓಡಿದರು. ಅಲ್ಲಿಂದ ಮುಂದೆ ಯಾರೂ ಆ ಕಡೆಗೆ ಸುಳಿಯಲಿಲ್ಲ. ಆ ಫ್ಯಾಕ್ಟರಿಗೆ ನಮ್ಮೂರವರು ಯಾರೂ ಕೂಲಿಗೆ ಹೋಗಕೂಡದು ಎಂದು ಅರಳಿಕಟ್ಟೆಯಲ್ಲಿ ಮಾತಾಯಿತು.

ಅಲ್ಲಿನ ಸೂಪರ್‌ವೈಸರ್ ರಾಮಲಿಂಗಯ್ಯನನ್ನು ರಾಧಾಮಣಿ ಬೆಳಿಗ್ಗೆಯೇ ಮಾತಾಡಿಸಿ ಬಂದಿದ್ದಳು. ಕೈಲಾಂಚದ ಕಡೆಯವನು, ಒಳ್ಳೆ ಮಾತುಗಾರ. ಕಾಫಿ ತರಿಸಿದ್ದ.

"ಹಾರ್ನಾ? ಅದು ಸುಟ್ಟೋಗಿ ಯಾವ ಕಾಲ ಆಯ್ತು ಮೇಡಮ್. ದೀಪಾವಳಿಗೆ ಸೆಟ್ಟಿಂದ ಹೊಗೆ ಬಂತು. ಅವತ್ತಿಂದ ಒಂದು ಸೊಲ್ಲೂ ಇಲ್ಲ. ಊರೋರನ್ನೇ ಕೇಳಿ."

ಊರವರನ್ನು ಕೇಳಿದಳು. ಹೌದು, ದೀಪಾವಳಿಯಿಂದ ಹಾರ್ನು ಸುಮ್ಮನಿದೆ ಎಂದರು. ಅದು ಸುಮ್ಮನಾದುದಕ್ಕೆ ಬಸವಣ್ಣನಿಗೆ ತೆಂಗಿನಕಾಯಿ ಒಡೆದವರೂ ಇದ್ದರು.

ಮತ್ತೆ ಯಾರು ಬಡಿದರು ಆ ಡಬ್ಬ?

ರಾಧಾಮಣಿ ಎದ್ದು ಸೀದಾ ದೇವರಾಜುವಿನ ಹೊಲದ ಕಡೆ ನಡೆದಳು. ಅವಳ ಜೇಬಿನಲ್ಲಿ, ಕಾಗದದ ಪೊಟ್ಟಣದಲ್ಲಿ, ಅಟ್ಟಣೆಯ ಮೇಲೆ ಸಿಕ್ಕಿದ ಒಂದು ಬಟ್ಟೆಯ ಪಟ್ಟಿ ಇತ್ತು.

ಹೊಲದಲ್ಲಿ ಭಾನುಪ್ರಿಯ ಒಬ್ಬಳೇ ಕುಯ್ದ ರಾಗಿಯನ್ನು ಹೊರೆ ಕಟ್ಟುತ್ತಿದ್ದಳು. ದೇವರಾಜುವಿನ ಹೆಂಡತಿ. ಇನ್ನೂ ಇಪ್ಪತ್ತೆರಡು ಮೂರು ಇರಬಹುದು. ತಿಥಿ ಮುಗಿದ ಮಾರನೆಯ ದಿನವೇ ಕುಡುಗೋಲು ಹಿಡಿದಿದ್ದಳು. ಬಲಿತ ರಾಗಿ ಯಾರ ಸಾವಿಗೂ ಕಾಯುವುದಿಲ್ಲ. ಎಳೆಗೂಸು ಮನೆಯಲ್ಲಿ ಅತ್ತೆಯ ಹತ್ತಿರ ಇತ್ತು.

ಅವಳ ಎರಡೂ ಮುಂಗೈ ಬರಿದಾಗಿದ್ದವು. ಬಳೆ ಒಡೆದಾಗ ಗೀರಿದ ಗಾಯ ಎಡಗೈಯಲ್ಲಿ ಇನ್ನೂ ಒಣಗಿರಲಿಲ್ಲ.

"ಬನ್ನಿ ಮೇಡಮ್. ಕೂತ್ಕಳಿ ಅನ್ನಾಕೂ ಏನೂ ಇಲ್ಲ."

"ಹೊರೆ ಮೇಲೆ ಕೂತ್ಕೋತೀನಿ ಬಿಡು." ರಾಧಾಮಣಿ ಕೂತು, ನಿಯಾಜನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಅವನು ನೀರು ಕುಡಿಯುವ ನೆಪದಲ್ಲಿ ಬದುವಿನ ಆಚೆ ಹೋದ.

"ಮಗು ಹೆಂಗಿದೆ?"

"ಅಜ್ಜಿ ತಾವ ಒಸಿ ಸುಮ್ಕಿರ್ತದೆ. ಸಂಜೆಯಾದ್ರೆ ಬಾಗಿಲ ಕಡೆ ನೋಡ್ತದೆ."

ರಾಧಾಮಣಿ ಪೊಟ್ಟಣ ಬಿಚ್ಚಿ ಬಟ್ಟೆಯ ಪಟ್ಟಿಯನ್ನು ಮೊಣಕಾಲ ಮೇಲೆ ಹರಡಿದಳು. ಮಾಸಿದ ಹಳದಿ ಸೀರೆಯ ಅಂಚು.

"ಇದು ಅಟ್ಟಣೆ ಮೇಲಿತ್ತು. ನಿಂದೇನಾ?"

"ಹಳೇ ಸೀರೆ. ಕೂಸಿಗೆ ಅಂತ ಹರಿದಿದ್ದೆ. ಅವ್ರು ತಲೆಗೆ ಸುತ್ಕಂಡು ಹೋಗಿರ್ಬೇಕು."

"ತಲೆಗೆ ಸುತ್ತಿದ ಬಟ್ಟೆಗೆ ಇದು ಎಲ್ಲಿಂದ ಬಂತು?"

ಬಟ್ಟೆಯ ಮಡಿಕೆಯಲ್ಲಿ ಒಂದು ಹಸಿರು ಚೂರು ಮಿಂಚಿತು. ಗಾಜಿನ ಬಳೆಯ ಚೂರು.

ಭಾನುಪ್ರಿಯ ಕಟ್ಟುತ್ತಿದ್ದ ಹೊರೆಯನ್ನು ಬಿಡಲಿಲ್ಲ. ಹುರಿಯನ್ನು ಬಿಗಿದಳು, ಮತ್ತೆ ಬಿಗಿದಳು, ಹುರಿ ತುಂಡಾಗುವವರೆಗೂ ಬಿಗಿದಳು. ಆಮೇಲೆ ಅಲ್ಲೇ ಕೂಳೆಯ ಮೇಲೆ ಕೂತುಬಿಟ್ಟಳು.

"ಅತ್ತೆಗೆ ಗೊತ್ತಿಲ್ಲ ಮೇಡಮ್. ಊರಿಗೆ ಗೊತ್ತಾದ್ರೆ ಸತ್ತೋರ್ನೂ ಬುಡಾಕಿಲ್ಲ. ಮಾತಿಗೆ ತಪ್ಪಿದೋನು ಅಂತಾರೆ."

"ನನಗೆ ಹೇಳು. ಊರಿಗೆ ಏನು ಹೇಳ್ಬೇಕು ಅಂತ ಆಮೇಲೆ ನೋಡೋಣ."

"ನಾನೇ ಬಡೀತಿದ್ದೆ."

ಹೇಳಿದ ಮೇಲೆ ಅವಳಿಗೇ ಹಗುರವಾದಂತೆ ಕಂಡಿತು. ಮಾತು ತಾನಾಗಿ ಬಂತು.

"ಅವ್ರು ಫ್ಯಾಕ್ಟರಿಗೆ ಹೋಗ್ತಿದ್ರು. ದೀಪಾವಳಿ ಆದ ಮೇಲೆ ಸೇರ್ಕಂಡ್ರು, ಕಲ್ಲು ಕುಯ್ಯೋ ಮಿಶಿನ್ನಿಗೆ. ಹೊತ್ತು ಮುಳುಗ್ತಿದ್ದಂಗೆ ಹಳ್ಳ ದಾಟಿ ಹೋಗೋರು, ಕೋಳಿ ಕೂಗೋಕೆ ಮುಂಚೆ ಬರೋರು. ಅಲ್ಲಿಗಂಟ ಇಲ್ಲಿ ಡಬ್ಬ ಮೂಕಾಗಬಾರ್ದಲ್ಲ."

"ಊರೆಲ್ಲ ಬೇಡ ಅಂದಿರೋ ಕಡೆ ಯಾಕೆ ಸೇರಿದ?"

"ನಾನೂ ಅದ್ಕೇ ಜಗಳ ಆಡ್ದೆ. ಒಳಗೆ ಏನೈತೆ ಅಂತ ನೋಡ್ಬೇಕು ಅಂದ್ರು. ಸೇರಿ ಒಂದಷ್ಟು ದಿನ ಆದ್ಮೇಲೆ ಒಂದಿನ ಉಣ್ತಾ ಉಣ್ತಾ ಅಂದ್ರು, ಆ ಸದ್ದು ಆನೆಗಲ್ಲ ಕಣೆ, ನಮಗೆ. ನಾವು ಆ ಕಡೆ ತಲೆ ಹಾಕಬಾರ್ದು ಅಂತ. ಯಾಕೆ ಅಂದೆ. ಗೊತ್ತಾದ್ಮೇಲೆ ಹೇಳ್ತೀನಿ ಅಂದ್ರು."

"ಹೇಳಿದ್ನಾ?"

ಅವಳು ತಲೆಯಾಡಿಸಿದಳು. ಇಲ್ಲ.

"ಬಟ್ಟೆ ಯಾಕೆ ಸುತ್ಕೋತಿದ್ದೆ?"

"ಬಳೆಗೆ." ಅವಳು ಬರಿಗೈಯನ್ನು ತೋರಿಸಲು ಎತ್ತಿ, ನೆನಪಾಗಿ ಇಳಿಸಿದಳು. "ಮೊದಲ್ನೇ ರಾತ್ರಿ ನಂಗೆ ಹೊಳೀಲಿಲ್ಲ. ಡಬ್ಬ ಬಡಿದ್ರೆ ಬಳೆನೂ ಗಲ್ ಗಲ್ ಅಂದ್ವು. ದೂರದೋರಿಗೆ ಕೇಳ್ಸಿರಾಕಿಲ್ಲ, ಆದ್ರೂ ಹೆದ್ರಿಕೆ ಆಯ್ತು. ಬೆಳಿಗ್ಗೆ ಅವ್ರಿಗೆ ಹೇಳಿದ್ರೆ ನಕ್ಕಿದ್ದೇ ನಕ್ಕಿದ್ದು. ಊರಲ್ಲಿ ದೇವರಾಜು ಬಳೆ ತೊಟ್ಕಂಡವ್ನೆ ಅಂತಾರೆ ಅಂತ. ಮಾರ್ನೆ ದಿನದಿಂದ ಬಟ್ಟೆ ಸುತ್ಕಂಡೆ."

"ಆ ಒಂದು ರಾತ್ರಿ ಬಿಟ್ರೆ ಮತ್ತೆ ಬಳೆ ಸದ್ದು ಮಾಡಿಲ್ಲ?"

"ಒಂದಿನಾನೂ ಇಲ್ಲ. ಅವರ ಕೈ ಹೆಂಗೋ ಹಂಗೇ ಬಡೀತಿದ್ದೆ. ಅವ್ರೇ ಕಲಿಸಿದ್ದು. ಕೊನೇದು ಮೆತ್ತಗೆ ಬಡಿಯೇ, ನೀನು ಸೊಸೆ ಮೇಲಿನ ಸಿಟ್ಟು ತೀರಿಸ್ಕಂಡಂಗೆ ಬಡೀತೀಯ ಅನ್ನೋರು. ನಂಗೆಲ್ಲಿ ಸೊಸೆ ಮೇಡಮ್, ಕೂಸಿಗೆ ಇನ್ನೂ ಹಲ್ಲು ಬಂದಿಲ್ಲ."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಇಲ್ಲಿಗೇ ನಿಲ್ಲಿಸಬಹುದಿತ್ತು. ರಾಧಾಮಣಿಗೆ ಹಾಗೆ ಅನ್ನಿಸಿತು ಕೂಡ. ಆದರೆ ಕೇಳದಿದ್ದರೆ ದೇವರಾಜುವಿನ ಸಾವು ಆನೆಯ ತಲೆಗೇ ಕಟ್ಟಿದಂತೆ ಉಳಿಯುತ್ತದೆ.

"ಆ ರಾತ್ರಿ ನೀನು ಇಲ್ಲೇ ಇದ್ದೆಯಲ್ಲ. ಹಳ್ಳದ ಕಡೆಯಿಂದ ಏನಾದ್ರೂ ಕೇಳಿಸ್ತಾ?"

ಭಾನುಪ್ರಿಯ ಸೆರಗಿನಿಂದ ಮೂಗೊರೆಸಿಕೊಂಡಳು.

"ಮೊದಲ್ನೇ ಸುತ್ತು ಆದ್ಮೇಲೆ ಒಂದು ಹಂದಿ ಬಂದಿತ್ತು. ಹಳ್ಳದಲ್ಲಿ ಗುರುಗುಡ್ತಿತ್ತು. ಒಂದ್ಸಲ ಗುರುಗುಟ್ಟಿ ಸುಮ್ಕಾಗೋದು, ಇನ್ನೊಂದ್ಸಲ ಗುರುಗುಟ್ಟೋದು. ರಾಗಿಗೆ ನುಗ್ತದೆ ಅಂತ ಜೋರಾಗಿ ಬಡಿದೆ. ಬಡಿದಂಗೆಲ್ಲ ಅದೂ ಜೋರು ಮಾಡ್ತು. ನಾನೂ ಬುಡ್ಲಿಲ್ಲ. ಎರಡನೇ ಸುತ್ತಿನ ಹೊತ್ತಿಗೆ ಹೊಂಟೋಯ್ತು."

"ಹಂದೀನ ಕಣ್ಣಲ್ಲಿ ನೋಡಿದ್ಯಾ?"

"ಇಲ್ಲ. ಕತ್ಲೆ."

"ಬೆಳಿಗ್ಗೆ ಹೆಜ್ಜೆ ಗುರುತು?"

ಭಾನುಪ್ರಿಯ ಹಳ್ಳದ ಕಡೆ ತಿರುಗಿದಳು. ಅಟ್ಟಣೆಯಿಂದ ಆ ಲಂಟಾನದ ಪೊದೆಗೆ ಒಂದು ಕಲ್ಲೆಸೆದರೆ ತಲುಪುವಷ್ಟೇ ದೂರ. ಅವಳು ಪೊದೆಯನ್ನು ನೋಡಿದಳು, ಅಟ್ಟಣೆಯನ್ನು ನೋಡಿದಳು, ಮತ್ತೆ ಪೊದೆಯನ್ನು ನೋಡಿದಳು.

ರಾಧಾಮಣಿ ಹೊರೆಯ ಮೇಲಿಂದ ಎದ್ದಳು. ಹತ್ತಿರ ಹೋಗಿ ಹೆಗಲು ಹಿಡಿದಳು.

"ಮೇಡಮ್."

"ಹೇಳು."

"ಅವ್ರಿಗೆ ಏಟು ಬಿದ್ದಿದ್ದು ಯಾವಾಗ?"

ಗಾಯ ಸಂಜೆಯದು, ಪ್ರಾಣ ಹೋದದ್ದು ನಡುರಾತ್ರಿಯ ಹೊತ್ತಿಗೆ ಎಂದಿದ್ದರು ಡಾಕ್ಟರು. ರಕ್ತ ಸೋರಿಯೇ ಸತ್ತದ್ದು, ಒಂದು ಬಟ್ಟೆ ಬಿಗಿದು ಕಟ್ಟಿ ಕರೆದುಕೊಂಡು ಬಂದಿದ್ದರೆ ಸಾಕಿತ್ತು ಎಂದೂ ಹೇಳಿದ್ದರು.

"ಸರಿಯಾಗಿ ಗೊತ್ತಿಲ್ಲಮ್ಮ," ಎಂದಳು ರಾಧಾಮಣಿ.

"ಬೇಗ ಸಿಕ್ಕಿದ್ರೆ ಬದುಕ್ತಿದ್ರಾ?"

"ಇಲ್ಲ. ಏಟು ದೊಡ್ಡದು. ಬಿದ್ದ ತಕ್ಷಣ ಹೋಗಿರ್ತಾನೆ."

ಭಾನುಪ್ರಿಯ ಅವಳ ಮುಖವನ್ನೇ ನೋಡಿದಳು. ಆಮೇಲೆ, ಸಮಾಧಾನ ತಾನೇ ಹೇಳಬೇಕಾದವಳಂತೆ, ಮೆಲ್ಲಗೆ ಅಂದಳು:

"ನಿಮಗೆ ಸುಳ್ಳು ಹೇಳಾಕೆ ಬರಾಕಿಲ್ಲ ಮೇಡಮ್. ತಕ್ಷಣ ಹೋದೋರು ಅಷ್ಟೊತ್ತು ಹೆಂಗೆ ಕರೀತಾರೆ?"

ಗಾಳಿಗೆ ನಿಂತ ರಾಗಿ ತೊನೆದಾಡಿತು.

"ನಾನು ಬಡೀದೆ ಇದ್ದಿದ್ರೆ ಸಾಕಿತ್ತು. ಸುಮ್ಕೆ ಮಲಗಿದ್ರೂ ಸಾಕಿತ್ತು. ಡಬ್ಬ ಮೂಕಾಯ್ತು ಅಂತ ಊರೇ ಓಡಿ ಬರೋದು. ಗಂಗಹನುಮಯ್ಯನೋರೇ ಮೊದ್ಲು ಬರೋರು. ನಾನು ಬಡ್ದು ಬಡ್ದು ಎಲ್ರನ್ನೂ ಅಲ್ಲೇ ನಿಲ್ಲಿಸ್ಬುಟ್ಟೆ. ಅವ್ರು ಕರೀತಿದ್ರು, ನಾನು ಹಂದಿ ಓಡಿಸ್ದಂಗೆ ಓಡಿಸ್ದೆ."

ಅವಳು ಅಳಲಿಲ್ಲ. ಅತ್ತಿದ್ದರೆ ರಾಧಾಮಣಿಗೆ ಏನು ಮಾಡಬೇಕೆಂದು ಗೊತ್ತಾಗುತ್ತಿತ್ತು. ಹರಿದ ಹುರಿಯ ತುಂಡನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತುತ್ತ ಕೂತಳು.

ಹೊತ್ತು ಬಂಡೆಗಳ ಹಿಂದೆ ಇಳಿಯುತ್ತಿತ್ತು. ರಾಧಾಮಣಿ ಅವಳ ಮಗ್ಗುಲಲ್ಲಿ ನೆಲದ ಮೇಲೇ ಕೂತಳು. ಯೂನಿಫಾರ್ಮಿಗೆ ಮಣ್ಣಾಯಿತು.

"ಅವನನ್ನ ಅಲ್ಲಿಗೆ ತಂದು ಹಾಕಿದ್ದು ನೀನಲ್ಲ ಭಾನುಪ್ರಿಯ. ಯಾರು ಅಂತ ನನಗೆ ಬೇಕು. ನಿನಗೂ ಬೇಕು. ಇನ್ನೊಂದೇ ಮಾತು ಕೇಳ್ತೀನಿ, ಯೋಚ್ನೆ ಮಾಡಿ ಹೇಳು. ಮೂರನೇ ಸುತ್ತು ಬಡಿದಾಗ ಅವನ ಕೂಗು ಕೇಳಿಸ್ತಿತ್ತಾ?"

"ಮೂರನೇದಾ?" ಅವಳು ತಲೆಯೆತ್ತಿದಳು. "ಮೂರನೇದು ನಾನು ಬಡೀತಿರ್ಲಿಲ್ಲ."

"ಬಡೀತಿರ್ಲಿಲ್ವಾ?"

"ನಂದು ಎರಡೇ. ಎರಡನೇದು ಮುಗಿದ ಕೂಡ್ಲೇ ಕೂಸಿಗೆ ಹಾಲು ಕೊಡಾಕೆ ಮನೆಗೆ ಓಡ್ತಿದ್ದೆ. ಮೂರನೇದು ಯಾವಾಗ್ಲೂ ಅವ್ರದೇ. ಫ್ಯಾಕ್ಟರಿಯಿಂದ ಬಂದು ಬಡಿಯೋರು. ಅಲ್ಲಿಗಂಟ ನಂಗೆ ನಿದ್ದೆ ಹತ್ತಾಕಿಲ್ಲ. ಆ ಸದ್ದು ಕೇಳಿದ್ರೆ, ಬಂದ್ರು, ಸದ್ಯ, ಅಂತ ಮಗ್ಗುಲಾಗ್ತಿದ್ದೆ."

"ಆವತ್ತು?"

"ಆವತ್ತೂ ಕೇಳ್ದೆ. ಕೇಳಿ ಮಲಕ್ಕಂಡೆ."

ಆ ಹೊತ್ತಿಗೆ ದೇವರಾಜು ಪೊದೆಯ ಕೆಳಗೆ ಸತ್ತು ಬಿದ್ದಿದ್ದ. ಹೆಂಡತಿ ಮನೆಯಲ್ಲಿದ್ದಳು. ಆದರೂ ಅವನ ಸರದಿ ಬಂದಾಗ ಉತ್ತರ ಬಂದಿತ್ತು. ಈ ಡಬ್ಬ ಮೂಕಾದರೆ ಊರು ಪಂಜು ಹಿಡಿದು ಬರುತ್ತದೆಂದು ತಿಳಿದವರು, ಬೆಳಗಿನವರೆಗೆ ಯಾರೂ ಬರಬಾರದು ಎಂದುಕೊಂಡವರು ಯಾರೋ ಇದ್ದರು.

"ಅವನ ಕೈ ಬೇರೆ ಯಾರಿಗೆ ಬರುತ್ತೆ?"

"ಯಾರಿಗೂ ಬರಾಕಿಲ್ಲ ಮೇಡಮ್. ಅವ್ರಿಗೆ, ನಂಗೆ. ಅಷ್ಟೇ."

ಅಷ್ಟರಲ್ಲಿ ದೂರದ ದಿನ್ನೆಯಿಂದ ಗಂಗಹನುಮಯ್ಯನ ಡಬ್ಬ ಎದ್ದಿತು. ದೀಪ ಹಚ್ಚುವ ಹೊತ್ತು. ಮುದುಕನದು ನಿಲ್ಲಲೇ ಇಲ್ಲ, ನಿಯಾಜ್ ಬದುವಿನ ಮೇಲೆ ನಿಂತು ನಕ್ಕದ್ದು ಕೇಳಿಸಿತು. ಆಮೇಲೆ ಒಂದೊಂದೇ ಹೊಲ ಉತ್ತರ ಕೊಡುತ್ತ ಬಂತು. ಒಬ್ಬರದು ಅವಸರ, ಒಬ್ಬರದು ನಿಧಾನ, ಒಬ್ಬರದು ಒಡೆದ ಡಬ್ಬ.

ದೇವರಾಜುವಿನ ಸರದಿ ಬಂದಾಗ ಸದ್ದು ನಿಂತಿತು. ಅವನು ಸತ್ತಾಗಿನಿಂದ ಊರು ಹಾಗೇ ಮಾಡುತ್ತಿತ್ತು. ಅವನ ಬಡಿತಕ್ಕೆ ಬೇಕಾದಷ್ಟು ಹೊತ್ತು ಎಲ್ಲರೂ ಕೋಲು ಎತ್ತಿಕೊಂಡು ಸುಮ್ಮನಿರುವುದು, ಆಮೇಲೆ ಪಕ್ಕದ ಹೊಲದ ಅಂಕಯ್ಯ ಮುಂದುವರಿಸುವುದು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ.

"ದಿನಾ ಇಷ್ಟೊತ್ತಿಗೆ ಕಿವಿ ಮುಚ್ಕತ್ತೀನಿ," ಎಂದಳು ಭಾನುಪ್ರಿಯ.

ರಾಧಾಮಣಿ ಅವಳ ಕೈ ಹಿಡಿದುಕೊಂಡಳು. "ಇವತ್ತು ಬೇಡ. ನಾನಿದ್ದೀನಿ."

ಹಳ್ಳದ ಆಚೆ, ತಂತಿಬೇಲಿಯ ಕಂಬದ ಮೇಲೆ, ದೀಪಾವಳಿಗೇ ಸುಟ್ಟುಹೋಗಿದೆ ಎಂದಿದ್ದ ಹಾರ್ನು, ಒಳಗೆ ಯಾರೋ ಸೆಟ್ಟಿಗೆ ಕೈ ಹಾಕಿದಂತೆ, ಒಮ್ಮೆ ಕರಕರ ಅಂದಿತು.

ಎರಡು ಗಟ್ಟಿಯಾಗಿ. ಒಂದಿಷ್ಟು ತಡೆದು, ಒಂದು ಮೆತ್ತಗೆ.

ಪ್ರತಿ ಬಡಿತದ ಬೆನ್ನಿಗೆ, ಅಟ್ಟಣೆಯ ಬುಡದಲ್ಲೇ ಕೂತು ರೆಕಾರ್ಡ್ ಮಾಡಿಕೊಂಡಷ್ಟು ಸ್ಪಷ್ಟವಾಗಿ, ಬಟ್ಟೆ ಸುತ್ತದ ಆ ಒಂದು ರಾತ್ರಿಯ ಗಾಜಿನ ಬಳೆಗಳ ಗಲ್ ಗಲ್.

ಭಾನುಪ್ರಿಯ ತನ್ನ ಬರಿದಾದ ಮುಂಗೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಅದುಮಿ ಹಿಡಿದಳು.

ಪಕ್ಕದ ಹೊಲದಲ್ಲಿ, ಉತ್ತರ ಬಂತೆಂಬ ಹಳೆಯ ರೂಢಿಗೆ, ಅಂಕಯ್ಯನ ಡಬ್ಬ ತನ್ನ ಸರದಿ ಬಡಿಯಿತು.